ಅಕ್ಕನಿಗೆ ಹೇಳಿಕೊಡದೆ ಉಳಿದ ಇಂಗ್ಲಿಷ್

ಹೋದ ವಾರ ಟಿ. ನರಸೀಪುರದಲ್ಲಿ ಬಸ್ಸಿಳಿದು ನಡೆಯುತ್ತಿದ್ದಾಗ ಅಂಗನವಾಡಿಯೊಂದರ ಕಿಟಕಿಯಿಂದ ಹೆಸರುಕಾಳು ಬೇಯುವ ವಾಸನೆ ಬಂತು. ಸೋಸಲೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕನ ಸೆರಗಿನಲ್ಲಿ ಸಂಜೆಯವರೆಗೂ ಇದೇ ವಾಸನೆ ಇರುತ್ತಿತ್ತು...

ಅವಳು ಊರಿನ ಅಂಗನವಾಡಿಯಲ್ಲಿ ಆಯಾ. ಮಕ್ಕಳನ್ನು ಕರೆತರುವುದು, ಕಸ ಗುಡಿಸುವುದು, ಕಾಳು ಬೇಯಿಸುವುದು ಅವಳ ಕೆಲಸ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದೇ ಉಳಿದಿತ್ತು. ಅದು ಪಾಸಾದರೆ ಅಲ್ಲೇ ಟೀಚರಾಗಲು ಅರ್ಜಿ ಹಾಕಬಹುದಿತ್ತು. ಇದ್ದ ಟೀಚರು ಮರುವರ್ಷ ನಿವೃತ್ತರಾಗುವವರಿದ್ದರು. ತೊಂಬತ್ತರ ದಶಕದ ಕೊನೆ, ನಾನಾಗ ಪಿಯುಸಿ ಹುಡುಗಿ. ನನಗಿಂತ ಹದಿನೈದು ವರ್ಷ ದೊಡ್ಡವಳಾದ ಅಕ್ಕ ನೋಟ್‌ಬುಕ್ಕನ್ನು ಸೆರಗಿನಲ್ಲಿ ಮುಚ್ಚಿಕೊಂಡು ನಮ್ಮ ಜಗಲಿಗೆ ಬಂದಳು.

ಗೆರೆ ಎಳೆದ ಪದ ನೌನೋ ವರ್ಬೋ ಎಂದು ಗುರುತಿಸುವುದೇ ಅವಳಿಗೆ ಕಷ್ಟ. ಮಕ್ಕಳು ಹಾಲು ಕುಡಿಯುತ್ತಾರೆ ಎಂಬುದನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ಬಹಳ ಹೊತ್ತು ನೋಡಿದಳು.

“ಮಕ್ಳೂ ಆಲೂ ನೌನು, ಕುಡ್ಯಾದು ವರ್ಬು. ಅಂಗೇ ಅಲ್ವವ್ವ?”

ಹೌದೆಂದಾಗ ಅವಳ ಮುಖ ನೋಡಬೇಕಿತ್ತು.

ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್ ಮುಗಿದವು. ಅಡ್ವರ್ಬಿಗೆ ಬಂದಾಗ ತಡವರಿಸಿದಳು. ಹೇಳಿದ್ದನ್ನೇ ಹೇಳಿ ನನಗೆ ಬೇಸರ ಬಂತು. ಪರೀಕ್ಷೆಗೆ ಮೂರು ವಾರ ಇರುವಾಗ, ನನಗೂ ಕಾಲೇಜಿನಲ್ಲಿ ಟೆಸ್ಟ್ ಇದೆ ಎಂದು ಸುಳ್ಳು ಹೇಳಿದೆ. ನಿನ್ನ ಓದು ಕೆಡುವುದು ಬೇಡ ಎಂದು ಅವಳೇ ಸಮಾಧಾನ ಮಾಡಿ ಎದ್ದುಹೋದಳು. ಆಮೇಲಿನ ಸಂಜೆಗಳಲ್ಲಿ ನಾನು ಟೀವಿ ಮುಂದೆ ಕೂತಿರುತ್ತಿದ್ದೆ. ಗೋಡೆಯಾಚೆ ಅವಳೊಬ್ಬಳೇ ಗಟ್ಟಿಯಾಗಿ ಓದುವುದು ಕೇಳುತ್ತಿತ್ತು.

ನಾಲ್ಕು ಅಂಕದಲ್ಲಿ ಫೇಲಾದಳು. ಫಲಿತಾಂಶದ ದಿನ ನನ್ನನ್ನು ಹುಡುಕಿಕೊಂಡು ಬಂದಳು.

“ನೀನು ಯೋಳ್ಕೊಟ್ಟಿದ್ದ್ನೆಲ್ಲ ಸರ್ಯಾಗೇ ಬರ್ದೆ ಕಣವ್ವ. ಮಿಕ್ಕಿದ್ದು ಗೊತ್ತಾಗ್ನಿಲ್ಲ.”

ದೂರುವುದಕ್ಕೆ ಬಂದಿರಲಿಲ್ಲ. ನನಗೆ ಬೇಜಾರಾಗದಿರಲಿ ಎಂದು ಹೇಳಲು ಬಂದಿದ್ದಳು.

ಟೀಚರ್ ಕೆಲಸಕ್ಕೆ ಬೇರೆ ಊರಿನವರು ಬಂದರು. ಅಕ್ಕ ಅವರ ಕೈಕೆಳಗೆ ಕಾಳು ಬೇಯಿಸಿದಳು, ಮತ್ತೆ ಪರೀಕ್ಷೆ ಕಟ್ಟಲಿಲ್ಲ. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಅವಳ ಬಾಗಿಲವರೆಗೆ ಹೋದೆ... ನಾನು ನಂಜನಗೂಡಿನಲ್ಲಿ ಕೆಲಸಕ್ಕೆ ಸೇರಿದ ವರ್ಷವೇ ಅವಳು ಕಾಮಾಲೆಯಿಂದ ತೀರಿಕೊಂಡಳು. ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ತಿಳಿಯದ ಮಗು ಹತ್ತನೇ ಸಲ ಕೇಳಿದರೂ ಮತ್ತೆ ಹೇಳುತ್ತೇನೆ. ಈ ಮೇಡಂಗೆ ತುಂಬಾ ತಾಳ್ಮೆ ಎಂದು ಜೊತೆಯ ಮೇಷ್ಟರುಗಳು ಹೊಗಳುತ್ತಾರೆ. ಅಂದು ಟೆಸ್ಟ್ ಇದೆ ಎಂದ ಆ ಸುಳ್ಳನ್ನು ಒಪ್ಪಿಕೊಳ್ಳಬೇಕಾಗಿದ್ದು ಅವಳೊಬ್ಬಳ ಮುಂದೆ; ಅವಳಿಲ್ಲ.