ಕೌದಿಯ ಮೂಲೆಯ ತೆನೆ

ನಮ್ಮತ್ತೆ ಯಾರನ್ನೂ ನಂಬುತ್ತಿರಲಿಲ್ಲ. ಕಾಸಿಟ್ಟ ಹಾಲಿನ ಕೆನೆ ಮುರಿದಿದೆಯೇ ಎಂದು ಬಗ್ಗಿ ನೋಡುವಳು, ತುಪ್ಪದ ಗಡಿಗೆಯ ಮುಚ್ಚಳ ತಾನಿಟ್ಟ ಹಾಗೇ ಇದೆಯೇ ಎಂದು ಪರೀಕ್ಷಿಸುವಳು. ಅರವತ್ತರ ದಶಕದಲ್ಲಿ ಸನಮಡಿಯಿಂದ ಕುಣಿಕೋಣೂರಿಗೆ ಸೊಸೆಯಾಗಿ ಬಂದ ನನ್ನನ್ನಂತೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ನಾನೂ ಏನು ಕಡಿಮೆಯವಳಲ್ಲ. ಆಕೆ ನನ್ನನ್ನು ಕಾಯುತ್ತಿದ್ದರೆ ನಾನು ಆಕೆಯನ್ನು ಕಾಯುತ್ತಿದ್ದೆ.

ಮರಾಠಿ ನಾಡಿನ ಗಡಿಯ ನಮ್ಮ ಕಡೆ ಯಾರ ಮನೆಯಲ್ಲಿ ಮದುವೆಯಾದರೂ ಬೀಗರಿಗೆ ಹಾಸಿ ಹೊದಿಸಲು ಓಣಿಯ ಮನೆಮನೆಯಿಂದ ಕೌದಿ ಒಯ್ಯುವ ರೂಢಿ. ಮದುವೆ ಮುಗಿದ ಮೇಲೆ ಆ ಕೌದಿಗಳ ರಾಶಿಯ ಮುಂದೆ ಹೆಂಗಸರು ಕೂತು ತಮ್ಮ ತಮ್ಮವನ್ನು ಆರಿಸಿಕೊಳ್ಳಬೇಕು. ಅಲ್ಲಿ ಜಗಳವಾಗದಿದ್ದರೆ ಅದು ಮದುವೆಯೇ ಅಲ್ಲ. ಕೊಡ, ಪರಾತದಂಥ ಪಾತ್ರೆಗಳಿಗೆ ಜತ್ತದ ಬಾಜಾರದಲ್ಲಿ ಮಾವನವರ ಹೆಸರನ್ನು ಮರಾಠಿ ಅಕ್ಷರದಲ್ಲಿ ಕೊರೆಸಿಟ್ಟಿದ್ದರು. ಹಳೆ ಸೀರೆ, ಧೋತರ ಒಂದರ ಮೇಲೊಂದು ಹಾಸಿ ಹೊಲಿದ ಕೌದಿಗೆ ಹೆಸರು ಎಲ್ಲಿ ಕೊರೆಸುವುದು? ಅದಕ್ಕೇ ಮನೆಗೊಂದು ಗುರುತು. ನಮ್ಮದು ಮೂಲೆಯಲ್ಲೊಂದು ನೀಲಿ ಖಣದ ತುಂಡು, ಮೂರು ಮೂಲೆಯದು.

ನನ್ನ ತವರಿನಲ್ಲಿ ಹಾಗಲ್ಲ. ಅಲ್ಲಿ ಹೊಲಿದವಳೇ ತನ್ನ ಗುರುತು ಹಾಕುವಳು. ಅವ್ವ ಕೌದಿ ಮುಗಿಸಿದ ಮೇಲೆ ಕೆಂಪು ದಾರದಲ್ಲಿ ಬೆರಳುದ್ದದ ಜೋಳದ ತೆನೆಯೊಂದನ್ನು ಎಳೆದೇ ಸೂಜಿ ಕೆಳಗಿಡುತ್ತಿದ್ದಳು. ಯಾರ ಕೈಕೆಲಸ ಎಂದು ಕೌದಿಯೇ ಹೇಳಬೇಕು ಎನ್ನುವುದು ಅವಳ ಹಟ. ಗಂಡನ ಮನೆಯಲ್ಲಿ ನಾನು ಮೊದಲ ಕೌದಿ ಹೊಲಿದಾಗ ಕೈ ತಾನೇ ಆ ಮೂಲೆಗೆ ಹೋಯಿತು. ನೀಲಿ ತುಂಡಿನ ಪಕ್ಕದಲ್ಲೇ ತೆನೆ ಮೂಡಿಸಿದೆ. ಚೆಂದ ಬಂದಿತ್ತು, ಸುಳ್ಳು ಯಾಕೆ ಹೇಳಲಿ, ನನಗೇ ಹೆಮ್ಮೆಯಾಯಿತು.

ಮರುದಿನ ಕೌದಿಯನ್ನು ಗೋಡೆಯ ಮೇಲೆ ಬಿಸಿಲಿಗೆ ಹಾಕಿದಾಗ ಅತ್ತೆಯ ಕಣ್ಣಿಗೆ ಬಿತ್ತು. ಆಕೆ ಮೂಲೆ ಹಿಡಿದು ಹೆಬ್ಬೆರಳಿನಿಂದ ತೆನೆಯನ್ನು ಸವರಿದಳು.

"ಇದು ಯಾರ ಗುರ್ತು?"

"ನಂದರಿ."

"ಮನಿ ಒಂದ ಇದ್ದಾಗ ಗುರ್ತು ಎರಡು ಯಾಕ ಬೇಕವ್ವ?"

ನನಗೆ ಮೊದಲು ಅರ್ಥವೇ ಆಗಲಿಲ್ಲ. ಸಂಜೆ ನನ್ನ ಗಂಡ ಎತ್ತು ಕಟ್ಟಿ ಬಂದು, ಬೇರೆ ಆಗುವ ವಿಚಾರವೇನಾದರೂ ಇದೆಯೇ ಎಂದು ಮೆಲ್ಲಗೆ ಕೇಳಿದಾಗ ಅರ್ಥವಾಯಿತು. ಆ ಮನೆಯ ಲೆಕ್ಕದಲ್ಲಿ ಸೊಸೆಯೊಬ್ಬಳು ಒಂದು ವಸ್ತುವಿಗೆ ತನ್ನ ಗುರುತು ಹಾಕಿದಳೆಂದರೆ ನಾಳೆ ಹಿಸ್ಸೆ ಕೇಳುತ್ತಾಳೆ, ಮಗನನ್ನು ಕಟ್ಟಿಕೊಂಡು ಬೇರೆ ಒಲೆ ಹೂಡುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ಒಂದು ತೆನೆಗೆ ಇಷ್ಟೆಲ್ಲ ಕಾಳು ಕಟ್ಟಿದ್ದರಲ್ಲ! ಅತ್ತೆಯ ಎದುರಿಗೇ ಕೂತು ಕೆಂಪು ದಾರ ಬಿಚ್ಚಿ ಹಾಕಿದೆ.

ಬಿಚ್ಚಿದರೇನು, ಅನುಮಾನ ಹೋಗಲಿಲ್ಲ. ಆ ಮನೆಯಲ್ಲಿ ಸೊಸೆಯ ಮೇಲೆ ನಂಬಿಕೆ ಬಂತೋ ಇಲ್ಲವೋ ತಿಳಿಯುವುದು ಕಾಳಿನ ಕೋಣೆಯ ಕೀಲಿಕೈಯಿಂದ. ಅದು ಆಕೆಯ ಸೊಂಟ ಬಿಟ್ಟು ಅಲ್ಲಾಡಲಿಲ್ಲ. ಹಿಟ್ಟಿಗೆ ಜೋಳ ಬೇಕೆಂದರೆ ಮಕ್ಕಳ ತಾಯಿಯಾದ ಮೇಲೂ ನಾನು ಬಾಗಿಲಲ್ಲಿ ಮೊರ ಹಿಡಿದು ನಿಲ್ಲಬೇಕು, ಆಕೆ ಒಳಗೆ ಹೋಗಿ ಅಳೆದು ತರಬೇಕು. ತವರಿಗೆ ಹೊರಟರೆ ನನ್ನ ಗಂಟು ಮುಟ್ಟಿ ನೋಡುವಳು. ನನ್ನ ಗಂಡ ಸಂತೆಯಿಂದ ತಡವಾಗಿ ಬಂದರೆ ಯಾರ ಮನೆ ಬಾಡಿಗೆಗೆ ನೋಡಿ ಬಂದನೋ ಎನ್ನುವಳು.

ನಾನೂ ಹಟ ಬಿಡಲಿಲ್ಲ. ಆಮೇಲೆ ಹೊಲಿದ ಪ್ರತಿಯೊಂದು ಕೌದಿಯಲ್ಲೂ ತೆನೆ ಹಾಕಿದೆ, ಆದರೆ ಒಳಪದರಿಗೆ. ಮೇಲೆ ನೀಲಿ ತುಂಡು, ಒಳಗೆ ನಾನು. ಅತ್ತೆ ಬಂದು ಮೂಲೆಯನ್ನು ಹಿಚುಕಿ ನೋಡಿದಾಗೆಲ್ಲ, ಈಕೆಗೆ ಗೊತ್ತಾಗಿದೆ, ಸಮಯ ಕಾಯುತ್ತಿದ್ದಾಳೆ ಎಂದುಕೊಳ್ಳುತ್ತಿದ್ದೆ.

ಆಕೆಗೊಂದು ಸ್ವಂತ ಕೌದಿ ಇತ್ತು. ತಾನು ಸೊಸೆಯಾಗಿ ಬಂದ ಹೊಸದರಲ್ಲಿ ಹೊಲಿದದ್ದು. ಅದನ್ನು ಯಾರೂ ಮುಟ್ಟುವಂತಿಲ್ಲ, ಮದುವೆ ಮನೆಗೂ ಕೊಡುವಂತಿಲ್ಲ. ಒಗೆಯುವುದೂ ತಾನೇ, ಒಣಗಿಸುವುದೂ ತಾನೇ. ಎಪ್ಪತ್ತರ ದಶಕ ಬರುವಷ್ಟರಲ್ಲಿ ಅದು ಚಿಂದಿಯಾಗಿತ್ತು. ಮೇಲೊಂದು ಹೊಸ ಪದರು ಹಾಕಿಕೊಡುತ್ತೇನೆ ಎಂದರೆ ಬೇಡವೆಂದು ಕಸಿದುಕೊಳ್ಳುವಳು. ಅದರೊಳಗೆ ಬಂಗಾರದ ಗುಂಡು ಇಟ್ಟು ಹೊಲಿದಿದ್ದಾಳೆಂದೇ ನನ್ನ ಅನುಮಾನ. ಇಲ್ಲದಿದ್ದರೆ ಆ ಚಿಂದಿಗೆ ಅಷ್ಟು ಕಾವಲು ಯಾಕೆ?

ಆಕೆಯ ಕಣ್ಣು ಮಂಜಾದ ಮೇಲೆ ಒಂದು ಮಧ್ಯಾಹ್ನ ತಾನೇ ಆ ಕೌದಿಯನ್ನು ತಂದು ನನ್ನ ಮುಂದೆ ಹಾಕಿದಳು. ಚಳಿ ತಡೆಯುವುದಿಲ್ಲ, ಬಿಚ್ಚಿ ಹೊಸದಾಗಿ ಹೊಲಿ ಎಂದು ಎದುರಿಗೇ ಕೂತಳು. ನಾನು ಅಂಚಿನಿಂದ ಬಿಚ್ಚುತ್ತ ಹೋದೆ. ನೀಲಿ ತುಂಡು ಕಿತ್ತು ಮೇಲಿನ ಪದರು ಸರಿಸಿದೆ. ಬಂಗಾರವೂ ಇಲ್ಲ, ಏನೂ ಇಲ್ಲ. ಹಳದಿ ದಾರದಲ್ಲಿ ಹೊಲಿದ ಒಂದು ಪುಟ್ಟ ಗುಬ್ಬಿ ಇತ್ತು. ಬಿಸಿಲು ಕಾಣದ ದಾರ, ನಿನ್ನೆ ಹೊಲಿದಷ್ಟು ಹೊಸದಾಗಿತ್ತು.

"ಇದು ಯಾರ ಗುರ್ತರಿ, ಅತ್ತಿ?"

"ನಂದು." ಆಕೆ ಗೋಡೆಯ ಕಡೆ ನೋಡಿದಳು. "ಬ್ಯಾರೆ ಆಗಬೇಕಂತನ ಹಾಕಿದ್ನಿ. ನಮ್ಮತ್ತಿ ಕಾಟ ತಾಳಲಾರದ. ಆಗಲಿಲ್ಲ."

ನನ್ನ ತೆನೆಯಲ್ಲಿ ಈಕೆ ಇಷ್ಟು ವರ್ಷ ತನ್ನ ಗುಬ್ಬಿಯನ್ನೇ ನೋಡಿದ್ದಳು.

"ನಿಂದೂ ಒಳಗ ಐತಿ. ಕೈಗೆ ಹತ್ತತೈತಿ ನನಗ," ಎಂದಳು.

ಬೇರೆ ಆಗುವುದಕ್ಕಲ್ಲ, ಅವ್ವ ಕಲಿಸಿದ್ದು, ಅಷ್ಟೇ ಎಂದೆ. ಆಕೆ ನಂಬಿದಳೋ ಇಲ್ಲವೋ, ಮುಖದ ಮೇಲಿಂದ ಏನೂ ತಿಳಿಯಲಿಲ್ಲ. ಸುಮ್ಮನೆ ಸೊಂಟದಿಂದ ಕೀಲಿಕೈ ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು.

"ಕೆಂಪು ದಾರ ಕೋಣ್ಯಾಗ ಐತಿ, ನೀನ ಹೋಗಿ ತೊಗೊಂಬಾ. ಈ ಕೌದಿ ಮ್ಯಾಲೆ ನಿನ್ನ ತೆನಿ ಹಾಕು, ಎಲ್ಲಾರಿಗೂ ಕಾಣೂ ಹಂಗ."

ಇದೂ ಒಂದು ಪರೀಕ್ಷೆಯೇ ಇರಬೇಕು ಎಂದು ಒಂದು ಗಳಿಗೆ ಕೀಲಿಕೈ ಮುಟ್ಟಲಿಲ್ಲ. ಹಾಗಾದರೆ ನಿಮ್ಮ ಗುಬ್ಬಿಯನ್ನೂ ಮೇಲೆ ಹಾಕಲೇ ಎಂದು ಕೇಳಿದೆ.

ಆಕೆ ಬಿಚ್ಚಿದ ಪದರನ್ನು ಎಳೆದು ಗುಬ್ಬಿಯನ್ನು ಮುಚ್ಚಿದಳು.

"ಬ್ಯಾಡ. ಅದು ಒಳಗ ಇರಲಿ. ಅದಕ್ಕ ರೂಢಿ ಆಗೈತಿ."