ಕಳ್ಳಭಟ್ಟಿ ಯಾರದ್ದು

ಆ ತಾಮ್ರದ ಪಾತ್ರೆಯನ್ನು ತರಿಸಿದ್ದು ನನ್ನ ಗಂಡ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕಥೆಯಲ್ಲಿ ಅವನು ನಿಜವಾಗಿ ಮಾಡಿದ ಕೆಲಸ ಅದೊಂದೇ. ಕುಕ್ಕರಿನಷ್ಟು ದೊಡ್ಡ ಪಾತ್ರೆ, ಮೇಲೆ ಈರುಳ್ಳಿಯಂತೆ ಉಬ್ಬಿದ ಮುಚ್ಚಳ, ಅಲ್ಲಿಂದ ಬಾಗಿ ಇಳಿಯುವ ಕೊಳವೆ, ಕೊಳವೆಯನ್ನು ತಣ್ಣಗಿಡಲು ಐಸ್ ನೀರು ತುಂಬುವ ಒಂದು ಡಬ್ಬಿ. ಅಡುಗೆಮನೆಯ ಕೌಂಟರಿನ ಮೇಲೆ ಮಿಕ್ಸಿಯ ಪಕ್ಕ ಆರಾಮಾಗಿ ಹಿಡಿಯುತ್ತದೆ. ಅಂಗಡಿಯ ವೋಡ್ಕಾ ಸುರಿದು, ಜುನಿಪರ್ ಎಂಬ ಕಪ್ಪು ಕಾಯಿಗಳನ್ನೂ ಇಷ್ಟವಾದ ಬೀಜ ಬೇರುಗಳನ್ನೂ ಹಾಕಿ ಕಾಯಿಸಿದರೆ, ಆವಿ ತಣ್ಣಗಾಗಿ ಜಿನ್ ಆಗಿ ಹನಿಯುತ್ತದೆ.

ಅವನಿಗೆ ಹವ್ಯಾಸಗಳನ್ನು ಕೊಳ್ಳುವ ಹವ್ಯಾಸ. ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸಿನ ಗರಾಜಿನಲ್ಲಿ ಕಾರು ನಿಂತು ವರ್ಷಗಳಾಗಿವೆ. ಅಲ್ಲಿ ಒಂದು ದೂರದರ್ಶಕ ಇದೆ, ಬ್ರೆಡ್ ಬೇಯಿಸುವ ಕಬ್ಬಿಣದ ಪಾತ್ರೆ ಇದೆ, ಎರಡು ಸಲ ತುಳಿದ ಸೈಕಲ್ ಇದೆ. ಜಿನ್ ಪಾತ್ರೆಯೂ ಪೆಟ್ಟಿಗೆ ಸಮೇತ ಅಲ್ಲಿಗೆ ಸೇರಿತು. ನಾನು ತೆರೆದು ನೋಡಲು ಹೋದಾಗ ಮೆಟ್ಟಿಲ ಮೇಲಿಂದಲೇ ಕೂಗಿದ.

"ಅದನ್ನ ಮುಟ್ಬೇಡ. ತಾಮ್ರ ಅದು, ಸೊಟ್ಟ ಮಾಡಿಬಿಡ್ತೀಯ."

ನಾನು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ಇಪ್ಪತ್ತು ವರ್ಷದಿಂದ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಅವನು ಮುಟ್ಟಿದ ಗಾಜಿನ ಸಾಮಾನು ಮನೆಯಲ್ಲಿ ಒಂದೂ ಉಳಿದಿಲ್ಲ. ಆದರೂ "ಸರಿ" ಎಂದೆ. ನಮ್ಮ ಮದುವೆಯಲ್ಲಿ ಜಗಳ ಕಡಿಮೆ, ಅಸಹ್ಯ ಜಾಸ್ತಿ. ಎದುರಿಗೆ "ನೀವು" ಎನ್ನುತ್ತಿದ್ದೆ. ಮನಸ್ಸಿನಲ್ಲಿ ಅವರು "ಅವನು" ಆಗಿ ಎಷ್ಟೋ ಕಾಲವಾಗಿತ್ತು.

ಶನಿವಾರ ಬೆಳಗ್ಗೆ ಅವನು ಬ್ಯಾಡ್ಮಿಂಟನ್ನಿಗೆ ಹೋಗುತ್ತಾನೆ, ಅಲ್ಲೇ ತಿಂಡಿ ಮುಗಿಸಿ ಮಧ್ಯಾಹ್ನಕ್ಕೆ ಬರುತ್ತಾನೆ. ಮೂರನೆಯ ಶನಿವಾರ ನಾನು ಪೆಟ್ಟಿಗೆ ಒಡೆದೆ.

ಮೊದಲ ಸಲ ಬಂದದ್ದು ಆಸ್ಪತ್ರೆಯ ವರಾಂಡದ ವಾಸನೆ. ಎರಡನೆಯ ಸಲ ಉರಿ ಹೆಚ್ಚಾಗಿ, ಬೇಯಿಸಿದ ಸೊಪ್ಪಿನ ಹಾಗೆ ನಾತ ಬಂತು. ಆಮೇಲೆ ಲ್ಯಾಬಿನಲ್ಲಿ ಮಾಡುವ ಹಾಗೆಯೇ ಮಾಡತೊಡಗಿದೆ. ಉರಿ ಸಣ್ಣಗೆ, ಹನಿ ನಿಧಾನಕ್ಕೆ. ಬಂದದ್ದನ್ನು ಒಂದೇ ಬಾಟಲಿಗೆ ತುಂಬದೆ ಸಾಲಾಗಿ ಪುಟ್ಟ ಸೀಸೆಗಳಲ್ಲಿ ಹಿಡಿದು, ಒಂದೊಂದನ್ನೂ ಮೂಸಿ, ಘಾಟಾದ ಮೊದಲ ಭಾಗವನ್ನೂ ಮುಗ್ಗಲಾದ ಕೊನೆಯ ಭಾಗವನ್ನೂ ಸಿಂಕಿಗೆ ಚೆಲ್ಲುತ್ತಿದ್ದೆ. ಜುನಿಪರಿನ ಜೊತೆ ಕೊತ್ತಂಬರಿ ಬೀಜ, ಹಿತ್ತಿಲ ಗಿಡದ ಕಿತ್ತಳೆ ಸಿಪ್ಪೆ, ಎರಡೇ ಏಲಕ್ಕಿ. ಇಷ್ಟಾದರೂ ಅದಕ್ಕೆ ತಳ ಇರಲಿಲ್ಲ, ಬಾಯಲ್ಲಿ ನಿಲ್ಲದೆ ಹಾರಿಹೋಗುತ್ತಿತ್ತು. ಇಂಡಿಯನ್ ಅಂಗಡಿಯ ಪೂಜೆ ಸಾಮಾನಿನ ಸಾಲಿನಲ್ಲಿ ಲಾವಂಚದ ಬೇರಿನ ಕಟ್ಟು ಸಿಕ್ಕಿತು. ಅದರಿಂದ ನಾಲ್ಕು ಎಳೆ ಹಾಕಿದೆ. ಆವತ್ತು ಐದನೆಯ ಸೀಸೆಯನ್ನು ಮೂಗಿಗೆ ಹಿಡಿದಾಗ ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಒದ್ದೆ ಮಣ್ಣು, ಕಿತ್ತಳೆ, ಕಾಡಿನ ಅಂಟು. ನನ್ನ ಕೈಯಿಂದ ಇಂಥದ್ದೊಂದು ಬಂದಿತೆಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು.

ಅದೇ ವಾರ ಇನ್ನೊಂದು ವಿಷಯವೂ ತಿಳಿಯಿತು. ಈ ದೇಶದಲ್ಲಿ ಬಿಯರು, ವೈನು ಮನೆಯಲ್ಲಿ ಮಾಡಿಕೊಳ್ಳಬಹುದು, ಮದ್ಯವನ್ನು ಭಟ್ಟಿ ಇಳಿಸುವ ಹಾಗಿಲ್ಲ. ಪಾತ್ರೆ ಮಾರುವುದು ತಪ್ಪಲ್ಲ, ಅದರಲ್ಲಿ ಜಿನ್ ಮಾಡುವುದು ತಪ್ಪು. ಓದಿದೆ, ಲ್ಯಾಪ್‌ಟಾಪ್ ಮುಚ್ಚಿದೆ, ಮುಂದಿನ ಶನಿವಾರ ಮತ್ತೆ ಮಾಡಿದೆ. ಗಂಡನಿಗೆ ಹೇಳಲಿಲ್ಲ.

ಅವನಿಗೆ ಬಾಟಲಿ ಸಿಕ್ಕಿದ್ದು ಫ್ರಿಜ್ಜಿನ ಹಿಂದಿನ ಸಾಲಿನಲ್ಲಿ. ಕುಡಿದು ನೋಡಿ, "ಫಿನೈಲ್ ಥರ ಇದೆ" ಎಂದ. ಸಂಜೆ ಅದೇ ಬಾಟಲಿಯನ್ನು ಗೆಳೆಯರ ಮನೆಗೆ ಒಯ್ದ. ಖಾಲಿ ಬಾಟಲಿಯ ಜೊತೆ ವಾಪಸು ಬಂದವನ ಮುಖ ಅರಳಿತ್ತು. "ಇನ್ನೊಂದೆರಡು ಮಾಡಿಡು" ಎಂದ. ಚೆನ್ನಾಗಿತ್ತು ಎಂದು ಹೇಳಲಿಲ್ಲ.

ತಿಂಗಳಾದ ಮೇಲೆ ಅವನ ಕಂಪನಿಯ ಡೈರೆಕ್ಟರ ಮನೆಯಲ್ಲಿ ಊಟ. ಅಲ್ಲಿಗೂ ಒಂದು ಬಾಟಲಿ ಒಯ್ದ. ಡೈರೆಕ್ಟರೂ ಬೆಂಗಳೂರಿನವರೇ, ಹಿರಿಯರು. ನಾನು ಕೋಸಂಬರಿಯ ತಟ್ಟೆ ಹಿಡಿದು ಒಳಗಿನಿಂದ ಬರುತ್ತಿದ್ದಾಗ ನನ್ನ ಗಂಡನ ದನಿ ಕೇಳಿತು.

"ಲಾವಂಚ ಹಾಕಿದ್ದು ನನ್ನ ಐಡಿಯಾ ಸರ್. ನಮ್ಮಜ್ಜಿ ಕುಡಿಯೋ ನೀರಿಗೆ ಹಾಕ್ತಿದ್ರಲ್ಲ, ಆ ಮೆಮೊರಿ. ಶನಿವಾರ ಪೂರ್ತಿ ಇದಕ್ಕೇ ಹೋಗುತ್ತೆ. ತುಂಬಾ ಪೇಶನ್ಸ್ ಬೇಕು."

ಅವನಜ್ಜಿಯನ್ನು ಅವನು ನೋಡಿಯೇ ಇಲ್ಲ. ಅವನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ನಾನು ಕೋಸಂಬರಿಯನ್ನು ಮೇಜಿನ ಮೇಲಿಟ್ಟು, ಎಲ್ಲರಿಗೂ ಚಮಚ ಕೊಟ್ಟೆ. ಡೈರೆಕ್ಟರು ನನ್ನ ಕಡೆ ತಿರುಗಿ, "ಅದೃಷ್ಟವಂತೆ ಕಣಮ್ಮ ನೀನು, ಗಂಡ ಅಡುಗೆಮನೆಗೆ ಬರ್ತಾನೆ" ಎಂದರು.

ಹಿಂತಿರುಗುವಾಗ ಫ್ರೀವೇ ಮೇಲೆ ಕೇಳಿದೆ. "ನಾನು ಮಾಡಿದ್ದು ಅಂತ ಯಾಕೆ ಹೇಳಲಿಲ್ಲ?"

ಅವನು ರಸ್ತೆ ನೋಡುತ್ತಲೇ ಇದ್ದ. "ಹೇಳಿದ್ರೆ ಜನ ಏನಂದ್ಕೋತಾರೆ? ಹೆಂಗಸು ಮನೇಲಿ ಕೂತು ಸಾರಾಯಿ ಕಾಯಿಸ್ತಾಳೆ ಅಂತಾರೆ. ನಿನ್ನ ಮರ್ಯಾದೆ ಉಳಿಸಿದೀನಿ ನಾನು. ಅದು ಅರ್ಥ ಆಗಲ್ಲ ನಿಂಗೆ."

ಕಾನೂನಿನ ವಿಷಯ ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲಾ ಅವನ ಹೆಸರಿನಲ್ಲೇ ಇರಲಿ, ಊರಿಗೆಲ್ಲ ಅವನೇ ಸಾರಿಕೊಂಡು ಬರಲಿ ಎಂದುಕೊಂಡೆ. ಆ ಯೋಚನೆ ಬಂದ ಕೂಡಲೇ ಮೈ ಹಗುರವಾದದ್ದೂ ನೆನಪಿದೆ.

ಅವನು ಬಾಟಲಿಗೆ ಲೇಬಲ್ಲು ಮಾಡಿಸಿದ. ಅದರ ಮೇಲೆ ಅವನ ಇನಿಷಿಯಲ್ಲು, ಕೆಳಗೆ ಒಂದು ಬೇರಿನ ಚಿತ್ರ. ಮುಂದಿನ ತಿಂಗಳ ಒಂದು ಶನಿವಾರ ಮಧ್ಯಾಹ್ನ ನಮ್ಮ ಮನೆಯಲ್ಲೇ ಟೇಸ್ಟಿಂಗು ಎಂದು ಡೈರೆಕ್ಟರನ್ನೂ ಇನ್ನೆರಡು ಜೋಡಿಗಳನ್ನೂ ಕರೆದ. ಎಲ್ಲರೆದುರು ತಾನೇ ಇಳಿಸಿ ತೋರಿಸುತ್ತೇನೆಂದು ಒಪ್ಪಿಕೊಂಡೂ ಬಂದಿದ್ದ.

"ನೀನು ಎಲ್ಲಾ ರೆಡಿ ಮಾಡಿ ಇಟ್ಬಿಡು. ಆನ್ ಮಾಡೋದು ತಾನೇ, ನಾನು ಮಾಡ್ತೀನಿ."

"ಸರಿ" ಎಂದೆ. ಒಬ್ಬರನ್ನು ನಾನೂ ಕರೆದೆ. ವಾಲ್ನಟ್ ಕ್ರೀಕ್‌ನಲ್ಲಿ ವಕೀಲರಾಗಿರುವ ಧಾರವಾಡದ ಹೆಂಗಸು, ಇಲ್ಲಿನ ಮಕ್ಕಳಿಗೆ ಕನ್ನಡ ಕಲಿಸುವ ಕ್ಲಾಸಿನಲ್ಲಿ ಪರಿಚಯವಾದವರು. ಪಾಪ, ಒಬ್ಬರೇ ಇರುತ್ತಾರೆ, ಊಟಕ್ಕೆ ಬರಲಿ ಎಂದು ಗಂಡನಿಗೆ ಹೇಳಿದೆ. ನನಗೆ ನಾನೂ ಹಾಗೆಯೇ ಹೇಳಿಕೊಂಡೆ. ಆದರೆ ಆ ಫೋನು ಮಾಡುವಾಗ ನನ್ನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಚೆನ್ನಾಗಿ ಗೊತ್ತು.

ಶನಿವಾರ ಎಲ್ಲರೂ ಬಂದರು. ನಾನು ಬಿಸಿಬೇಳೆಭಾತು, ಆಂಬೊಡೆ ಮಾಡಿಟ್ಟು, ಬಂದವರ ಜೊತೆ ಸೋಫಾದಲ್ಲಿ ಕೂತೆ. ನನ್ನ ಗಂಡ ಏಪ್ರನ್ ಕಟ್ಟಿಕೊಂಡು ಕೌಂಟರಿನ ಹಿಂದೆ ನಿಂತ. ಜುನಿಪರ್ ಡಬ್ಬಿ ಎಂದು ಕಾಳುಮೆಣಸಿನ ಡಬ್ಬಿಯನ್ನು ಎತ್ತಿ ಎಲ್ಲರಿಗೂ ಮೂಸಲು ಕೊಟ್ಟ. ಅವರು ಮೂಸಿ ತಲೆಯಾಡಿಸಿದರು. ಲಾವಂಚವನ್ನು ಒಂದು ಹಿಡಿ ಹಾಕಿದ. ನಾನು ಸುಮ್ಮನಿದ್ದೆ. ಬೇಗ ಆಗಲಿ ಎಂದು ಹಾಟ್ ಪ್ಲೇಟನ್ನು ಪೂರ್ತಿ ತಿರುಗಿಸಿದ. ಆಗಲೂ ಸುಮ್ಮನಿದ್ದೆ.

ಹತ್ತು ನಿಮಿಷಕ್ಕೆ ಕೊಳವೆಯಿಂದ ಹನಿಯಲ್ಲ, ಧಾರೆಯೇ ಬಿತ್ತು. ಕಂದು ಬಣ್ಣ. ಮನೆಯೆಲ್ಲ ಸುಟ್ಟ ಚಾಪೆಯ ವಾಸನೆ. ಡೈರೆಕ್ಟರು ಕರ್ಚೀಫು ತೆಗೆದರು.

"ಈ ಸಲದ ಬ್ಯಾಚು ಸ್ವಲ್ಪ ಸ್ಟ್ರಾಂಗು" ಎಂದ ನನ್ನ ಗಂಡ.

ವಕೀಲರು ಅಲ್ಲಿಯವರೆಗೆ ಆಂಬೊಡೆ ತಿನ್ನುತ್ತ ಕೂತಿದ್ದರು. "ಅಲ್ರೀ, ಒಂದು ಮಾತು ಕೇಳ್ಲೇನು? ಈ ದೇಶದಾಗ ಮನ್ಯಾಗ ಇದನ್ನ ಇಳಿಸೋದು ತಪ್ಪು ಅದ. ಫೆಡರಲ್ ಕಾನೂನು. ನಿಮ್ಮ ಹಂತ್ಯಾಕ ಪರ್ಮಿಟ್ ಅದ ಏನು?"

ನನ್ನ ಗಂಡ ಡೈರೆಕ್ಟರ ಮುಖ ನೋಡಿದ, ಬಾಟಲಿಯ ಲೇಬಲ್ ನೋಡಿದ. ಒಂದು ಉಸಿರೆಳೆದುಕೊಳ್ಳುವಷ್ಟೂ ಹೊತ್ತು ಹಿಡಿಯಲಿಲ್ಲ.

"ನಂಗೇನ್ ಗೊತ್ತು ಮೇಡಂ. ಇದೆಲ್ಲಾ ಇವಳ ಹುಚ್ಚು. ನಾನು ಬೇಡ ಬೇಡ ಅಂತಾನೇ ಇದ್ದೆ. ಲ್ಯಾಬಲ್ಲಿ ಕೆಲಸ ಅಲ್ವಾ, ಕೇಳಲ್ಲ."

ಅವನು ಬೆವರುತ್ತಾನೆ, ತಡವರಿಸುತ್ತಾನೆ, ಅದನ್ನು ನಾನು ಕೂತು ನೋಡುತ್ತೇನೆ ಎಂದುಕೊಂಡಿದ್ದೆ. ಇಷ್ಟು ಸಲೀಸಾಗಿ ನನ್ನನ್ನು ಮುಂದೆ ನೂಕುತ್ತಾನೆಂದು ಎಣಿಸಿರಲಿಲ್ಲ. ಎದ್ದು ಹೋಗಿ ಹಾಟ್ ಪ್ಲೇಟ್ ಆರಿಸಿದೆ.

"ಹೌದು, ನನ್ನದೇ" ಎಂದೆ. "ಹೋದ ತಿಂಗಳು ನಿಮ್ಮ ಮನೇಲಿ ಕುಡಿದ್ರಲ್ಲ ಸರ್, ಅದೂ ನನ್ನದೇ. ಲಾವಂಚ ನಾಲ್ಕೇ ಎಳೆ ಹಾಕಬೇಕು. ಈಗ ನೀವೆಲ್ಲ ಮೂಸಿ ನೋಡಿದ್ದು ಜುನಿಪರ್ ಅಲ್ಲ, ಕಾಳುಮೆಣಸು. ಕಾನೂನು ನನಗೆ ಮೊದಲೇ ಗೊತ್ತಿತ್ತು. ತಪ್ಪು ನಂದು, ಅದಕ್ಕೆ ಇವರು ಹೊಣೆ ಅಲ್ಲ."

"ಏನ್ ಮಾತಾಡ್ತಿದೀಯ ನೀನು" ಎಂದ ಗಂಡ.

"ನೀನು ಸುಮ್ನೆ ಕೂತ್ಕೋ" ಎಂದೆ.

ಮದುವೆಯಾದ ಮೇಲೆ ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಸುಟ್ಟ ಜಿನ್ನಿಗಿಂತ, ಫೆಡರಲ್ ಕಾನೂನಿಗಿಂತ ಬಂದವರಿಗೆಲ್ಲ ಅದೇ ದೊಡ್ಡದಾಗಿ ಕೇಳಿಸಿತು. ಬಿಸಿಬೇಳೆಭಾತನ್ನು ಯಾರೂ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಡೈರೆಕ್ಟರು ಏರ್‌ಪೋರ್ಟಿಗೆ ಯಾರನ್ನೋ ಕರೆತರಬೇಕೆಂದು ಹೊರಟರು, ಉಳಿದವರೂ ಅವರ ಹಿಂದೆಯೇ ಎದ್ದರು. ವಕೀಲರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ನನ್ನನ್ನು ನೆಟ್ಟಗೆ ನೋಡಿದರು.

"ನನ್ನ ಇದಕ್ಕಂತನ ಕರದಿದ್ರಿ ಹೌದಲ್ಲೋ?"

ನಾನು ಬಾಗಿಲನ್ನು ಇನ್ನಷ್ಟು ಅಗಲ ತೆರೆದು ಹಿಡಿದೆ.

"ಹಂಗ ಮಾಡಬಾರದಿತ್ತು. ಇನ್ನ ಇದನ್ನ ಬಿಟ್ಟುಬಿಡ್ರಿ" ಎಂದು ಹೇಳಿ ಹೋದರು. ಮತ್ತೆ ಅವರು ನನಗೆ ಫೋನು ಮಾಡಲಿಲ್ಲ. ಆ ದಿನದಲ್ಲಿ ನನಗೆ ನಾಚಿಕೆಯಾಗುವುದು ಅವರನ್ನು ಹಾಗೆ ಕರೆಸಿದ್ದೊಂದಕ್ಕೇ.

ಬಾಗಿಲು ಹಾಕಿದ ಮೇಲೆ ಗಂಡ ಅರ್ಧ ಗಂಟೆ ಮಾತಾಡಿದ. ಸಿಟಿಜನ್‌ಶಿಪ್ ಅರ್ಜಿ, ಅವನ ಪ್ರಮೋಷನ್ನು, ಅವನ ಮುಖ. ನಾನು ಸುಟ್ಟ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದೆ.

"ಡೈರೆಕ್ಟರ್ ಮುಂದೆ ನೀನು ಅಂದ್ಯಲ್ಲ" ಎಂದ ಕೊನೆಗೆ.

"ನನ್ನನ್ನ ಪೊಲೀಸರಿಗೆ ಬೇಕಾದ್ರೂ ಕೊಡ್ತಿದ್ದೆ ನೀನು. ನಾನು ನೀನು ಅಂದಿದ್ದೇ ದೊಡ್ಡದಾಯ್ತಾ?"

ಮರುದಿನ ನಾನು ಗ್ರೋಸರಿಗೆ ಹೋಗಿ ಬರುವುದರೊಳಗೆ ಪಾತ್ರೆ ಇರಲಿಲ್ಲ. ಗುಜರಿಗೆ ಹಾಕಿ ಬಂದೆ ಎಂದ. ನನ್ನ ಸೀಸೆಗಳೂ, ಯಾವ ಸೀಸೆಯಲ್ಲಿ ಏನು ವಾಸನೆ ಎಂದು ಬರೆದಿಟ್ಟ ಪುಸ್ತಕವೂ ಅದರ ಜೊತೆ ಹೋಗಿದ್ದವು. ಪಾತ್ರೆ ಅವನದು, ಹೋಗಲಿ. ಪುಸ್ತಕ ನನ್ನದು. ಅವತ್ತು ಸಂಜೆಯೇ ನನ್ನ ಹಾಸಿಗೆಯನ್ನು ಆಫೀಸು ರೂಮಿಗೆ ಹಾಕಿಕೊಂಡೆ. ಈಗಲೂ ಅಲ್ಲೇ ಮಲಗುತ್ತೇನೆ. ಯಾರೂ ನಮ್ಮ ಮೇಲೆ ದೂರು ಕೊಡಲಿಲ್ಲ. ಅವನ ಪ್ರಮೋಷನ್ನೂ ಆಯಿತು.

ಕೆಲವು ತಿಂಗಳು ಕಳೆದ ಮೇಲೆ ಅವನು ಇದನ್ನು ಪಾರ್ಟಿಗಳಲ್ಲಿ ತಮಾಷೆಯ ಕಥೆಯಾಗಿ ಹೇಳತೊಡಗಿದ. ಹೆಂಡತಿಗೆ ಜಿನ್ ಹುಚ್ಚು, ತಾನು ಬುದ್ಧಿ ಹೇಳಿದವನು. ಅವನು ಹೇಳಿ ಮುಗಿಸುವ ತನಕ ನಾನು ಕಾಯುತ್ತೇನೆ. ಆಮೇಲೆ ಎಲ್ಲರೆದುರು, ದನಿ ಏರಿಸದೆ, ಒಂದೊಂದೇ ತಪ್ಪು ತಿದ್ದುತ್ತೇನೆ. ಲೇಬಲ್ಲು, ಅಜ್ಜಿ, ಕಾಳುಮೆಣಸು. ಊಟಕ್ಕೆ ಕರೆದವರು ತಟ್ಟೆ ನೋಡಿಕೊಂಡು ಕೂರುತ್ತಾರೆ. ನಮ್ಮನ್ನು ಕರೆಯುವುದು ಈಚೆಗೆ ಕಡಿಮೆಯಾಗಿದೆ.

ಹೋದ ತಿಂಗಳು ಗಿಲ್‌ರಾಯ್‌ನಲ್ಲಿ ಹೊಸ ಮನೆ ಕೊಂಡವರೊಬ್ಬರು ಕರೆದಿದ್ದರು. ಊಟದ ನಡುವೆ ಅವನು, "ಒಂದ್ಸಲ ನಮ್ಮನೇಲಿ ಏನಾಯ್ತು ಗೊತ್ತಾ" ಎಂದು ಶುರು ಮಾಡಿದ. ನಾನು ಚಮಚ ಕೆಳಗಿಟ್ಟೆ. ಅವನು ನೋಡಿದ.

"ಬಿಡಿ, ಅದೊಂದು ದೊಡ್ಡ ಕಥೆ" ಎಂದ.

"ಹೇಳು, ಕೇಳ್ತೀನಿ" ಎಂದೆ.

ಅವನು ಸಾರಿನ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡು, ಮೊದಲೇ ಸಾರು ತುಂಬಿದ್ದ ತಟ್ಟೆಗೆ ಇನ್ನೊಂದು ಸೌಟು ಬಡಿಸಿಕೊಂಡ.