ಅಕ್ಕ ಬಿಟ್ಟ ಚಹಾ

ಕೆಲಸಕ್ಕಾಗಲಿ ಜಗಳಕ್ಕಾಗಲಿ ಇಳಿಯುವ ಮೊದಲು ಅಕ್ಕ ಹಸಿರು ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಳ್ಳುತ್ತಿದ್ದಳು. ಮುಂಗೈ ಮೇಲೆ ಅವುಗಳ ಗೀರು ಸದಾ ಕೆಂಪಗಿರುತ್ತಿತ್ತು. ಒಡಹುಟ್ಟಿದವಳಲ್ಲ, ಹಂಪಸಾಗರದವಳು. ಉಗಾಂಡಾದ ಒಂದು ಸಣ್ಣ ಊರಿನಲ್ಲಿ ಅವಳ ಗಂಡನೂ ಕೊಟ್ಟೂರಿನ ನಾನೂ ಒಂದೇ ಬೋರ್‌ವೆಲ್ ಕಂಪನಿಯಲ್ಲಿದ್ದೆವು. ಬಾಡಿಗೆಗಿದ್ದದ್ದೂ ಒಂದೇ ವಠಾರದಲ್ಲಿ.

ಅಲ್ಲಿ ನನಗೆ ಮಲೇರಿಯಾ ತಲೆಗೇರಿತು. ವಠಾರದ ಒಡತಿ, ಚರ್ಚು ತಪ್ಪಿಸದ ಉಗಾಂಡಾದ ಅಜ್ಜಿ, ಮಗನ ಕಾರಿನಲ್ಲಿ ನನ್ನನ್ನು ಆಸ್ಪತ್ರೆಗೆ ಸಾಗಿಸಿದರು. ವಠಾರದವರು ಸರದಿ ಹಚ್ಚಿ ಪಕ್ಕದಲ್ಲಿ ಕೂತರು. ಅಕ್ಕ ಜೋಳದ ನುಚ್ಚಿನ ಗಂಜಿ ತಂದು ಬೈದು ಬೈದು ಕುಡಿಸಿದಳು. ಇಷ್ಟಕ್ಕೇ ನಿಂತಿದ್ದರೆ ನನ್ನ ತಕರಾರೇನೂ ಇರಲಿಲ್ಲ.

ಮನೆಗೆ ಬಂದು ನೋಡುತ್ತೇನೆ, ಚಹಾ ಇಲ್ಲದೆ ಹೊತ್ತು ಹೋಗದವಳು ಲೋಟ ಮುಟ್ಟುತ್ತಿಲ್ಲ.

"ಉಜ್ಜಿನಿ ಮರುಳಸಿದ್ಧಗ ಬೇಡಿಕೊಂಡೀನಿ. ನೀ ಎದ್ದು ಕುಂತ್ರ ಊರಿಗೆ ಹೋಗಿ ಗುಡಿ ಶಿಖರಕ್ಕ ಎಣ್ಣಿ ಕೊಡ್ತೀನಿ, ಕೊಡೂತನ ಚಾ ಮುಟ್ಟಂಗಿಲ್ಲ ಅಂತ."

"ನನ್ನ ಒಂದು ಮಾತು ಕೇಳಿದ್ಯಾ ಅಕ್ಕಾ?"

"ಎಚ್ಚರ ಇದ್ದಿದ್ರ ಕೇಳ್ತಿದ್ದೆ. ಇದ್ದಿಲ್ಲಲ್ಲ."

"ನನ್ನ ಉಳಿಸಿದ್ದು ಇಂಜೆಕ್ಷನ್ನು."

"ಯಾರರ ಇಲ್ಲ ಅಂದ್ರ? ಇಂಜೆಕ್ಷನ್ನಿಗೆ ರೊಕ್ಕ ಕೊಟ್ವಿ, ದೇವರಿಗೆ ಎಣ್ಣಿ ಕೊಡಬೇಕು. ಲೇ, ಚಾ ಬಿಟ್ಟಾಕಿ ನಾನು, ತಲಿನೋವು ನಿನಗ್ಯಾಕ?"

ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು. ಯಾವುದು ಕಾರಣ, ಯಾವುದು ಕಾಕತಾಳೀಯ ಎಂದು ಬಿಡಿಸಿ ಹೇಳಿದೆ. ಅದು ಬೇಡವಾದರೆ ನಮ್ಮವ್ವನೇ ಕೊಟ್ಟೂರಿನಿಂದ ಹೋಗಿ ಎಣ್ಣೆ ಕೊಟ್ಟು ಬರಲಿ ಎಂದೆ. "ಬೇಡಿಕೊಂಡಾಕಿ ನಾನು, ಕೊಡಾಕಿ ನಿಮ್ಮವ್ವನಾ?" ಎಂದು ಅದನ್ನೂ ತಳ್ಳಿಹಾಕಿದಳು. ಅಕ್ಕ ಗಂಡನೊಡನೆ ಊರಿಗೆ ಬರುವ ರಜೆ ಮುಂದಕ್ಕೆ ಹೋಗುತ್ತಲೇ ಇತ್ತು. ಯಾರ ಮನೆಗೆ ಹೋದರೂ ನಗುನಗುತ್ತ ಬಿಸಿನೀರು ಕೇಳುವ ಅವಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಇನ್ನೊಬ್ಬರ ಒಳ್ಳೆಯತನವನ್ನು ಬೇಡವೆನ್ನುವ ಹಕ್ಕೂ ಮನುಷ್ಯನಿಗೆ ಇಲ್ಲವೇ?

ಇದು ಸಾಲದೆಂಬಂತೆ, ವಿಷಯ ತಿಳಿದ ಒಡತಿ ಅಜ್ಜಿ ಅಕ್ಕನಿಗೆ ಜೊತೆಯಾಗಿ ತಾವೂ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದನ್ನು ಬಿಟ್ಟರು. ಅಕ್ಕನ ಹರಕೆ ತೀರುವವರೆಗೆ ಅಂತೆ! ಒಬ್ಬಳೊಡನೆ ವಾದಿಸಿ ಸೋತಿದ್ದೆ, ಈಗ ಇಬ್ಬರಾದರು.

ನಾನು ಕೆಲಸ ಬಿಟ್ಟು ಊರಿಗೆ ಮರಳಿದ ಮರುವರ್ಷ ಅಕ್ಕ ಹೃದಯಾಘಾತದಿಂದ ಉಗಾಂಡಾದಲ್ಲೇ ತೀರಿಕೊಂಡಳು. ಉಜ್ಜಿನಿಗೂ ಬರಲಿಲ್ಲ, ಚಹಾವನ್ನೂ ಕುಡಿಯಲಿಲ್ಲ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಎಷ್ಟೋ ದಿನ ಒದ್ದಾಡಿದೆ. ಸುದ್ದಿ ತಿಳಿಸಿದ ಅಜ್ಜಿ ಇನ್ನೂ ಸಕ್ಕರೆ ಮುಟ್ಟಿಲ್ಲವೆಂದು ಗೊತ್ತಾಯಿತು. ಆ ವಯಸ್ಸಿನಲ್ಲಿ ಅವರಿಗಾದರೂ ಈ ಹರಕೆಯಿಂದ ಬಿಡುಗಡೆಯಾಗಲಿ ಎಂದು ಎಣ್ಣೆ ಡಬ್ಬಿ ಹಿಡಿದು ಉಜ್ಜಿನಿ ಬಸ್ಸು ಹತ್ತಿದೆ. ಒಪ್ಪಿಸಿ ಬಂದು ಫೋನು ಮಾಡಿದೆ.

"ಅಕ್ಕನ ಎಣ್ಣೆ ಕೊಟ್ಟುಬಂದೆ, ಅಜ್ಜಿ. ಇನ್ನು ಸಕ್ಕರೆ ಹಾಕಿಕೊಳ್ಳಿ."

ಅಜ್ಜಿ ತಮ್ಮ ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು: "ಈಗ ನೀನು ದೇವರನ್ನು ನಂಬುತ್ತೀಯಾ?"

"ಇಲ್ಲ."

"ಹಾಗಾದರೆ ನೀನು ಕೊಟ್ಟದ್ದು ಬರೀ ಎಣ್ಣೆ, ಮಗನೇ."

ನನ್ನದೇ ತರ್ಕ. ಆ ಕಡೆಯಿಂದ ಅಜ್ಜಿ ತಮ್ಮ ಸಪ್ಪೆ ಚಹಾ ಹೀರುವ ಸದ್ದು ಕೇಳುತ್ತಿತ್ತು.